ಎಚ್‌ಪಿ ಕೊನೆಗೆ, ಬಾಗಿಲು ಮೊದಲು: ಕುದುರೆ ಲಾಯಕ್ಕೆ ಸಣ್ಣ ಟ್ರ್ಯಾಕ್ಟರ್ ಆರಿಸಿದ ಬಗೆ

ಟ್ರ್ಯಾಕ್ಟರ್ ಕೊಳ್ಳುತ್ತೇವೆ ಅಂದ ಕೂಡಲೇ ನಮ್ಮ ಕಡೆ ಬರುವ ಮೊದಲ ಮಾತು, "ಎಷ್ಟು ಎಚ್‌ಪಿದು ತಗೊಳ್ಳಕತ್ತೀರಿ?" ಕುದುರೆ ಸಾಕುವವರ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹುಮನಾಬಾದ್ ತಾಲ್ಲೂಕಿನ ನಮ್ಮ ಜಾಗ ನಾಲ್ಕೂವರೆ ಎಕರೆ. ಮೂರು ಎಕರೆ ಎರಿ, ಅಂದರೆ ಕಪ್ಪು ಮಣ್ಣು; ಉಳಿದದ್ದು ಕೆಂಪು ಮರಡಿ, ಅಂದರೆ ಕಲ್ಲು ಬೆರೆತ ದಿಬ್ಬ. ಮದುವೆ ಮೆರವಣಿಗೆಗೆ ಹೋಗುವ ನಾಲ್ಕು ಹೆಣ್ಣುಗುದುರೆ, ಮರಡಿಯ ಮೇಲೆ ಲಾಯ ಮತ್ತು ಕುದುರೆ ಬಿಡುವ ಬಯಲು, ಅರ್ಧ ಎಕರೆ ಕುದುರೆಮಸಾಲೆ ಸೊಪ್ಪು, ಮಿಕ್ಕ ಎರಿಯಲ್ಲಿ ತೊಗರಿ. ಇಲ್ಲಿ ಟ್ರ್ಯಾಕ್ಟರ್ ದಿನಾ ಮಾಡುವ ಕೆಲಸ ಲದ್ದಿ ಸಾಗಿಸುವುದು. ಗಳೆ ಹೊಡೆಯುವುದು ವರ್ಷಕ್ಕೆ ಒಂದೆರಡು ಸಲ.

ಆ ಒಂದೆರಡು ಸಲಕ್ಕಾಗಿ ಟ್ರ್ಯಾಕ್ಟರ್ ದೊಡ್ಡದು ಮಾಡಿಕೊಂಡರೆ ಉಳಿದ ದಿನವೆಲ್ಲ ತೊಂದರೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಎರಿಯನ್ನು ಪಲ್ಟಿ ನೇಗಿಲಿನಿಂದ ಆಳಕ್ಕೆ ಹೊಡೆಯಲು 45ರಿಂದ 50 ಎಚ್‌ಪಿ ಬೇಕೇ ಬೇಕು. ಅದಕ್ಕೆ ಬಾಡಿಗೆ ಟ್ರ್ಯಾಕ್ಟರ್ ಸಿಗುತ್ತದೆ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರವಿದೆ, ಪಕ್ಕದ ಹೊಲದವರೂ ಹೊಡೆದು ಕೊಡುತ್ತಾರೆ. ದಿನಾ ಬೆಳಿಗ್ಗೆ ಆರಕ್ಕೆ ಲಾಯದೊಳಗೆ ಬಂದು ಲದ್ದಿ ಒಯ್ಯುವ ಟ್ರ್ಯಾಕ್ಟರ್ ಮಾತ್ರ ಬಾಡಿಗೆಗೆ ಸಿಗುವುದಿಲ್ಲ. ಕೊಳ್ಳಬೇಕಾದದ್ದು ಅದನ್ನು.

ಹಾಗಾಗಿ ಷೋರೂಮಿಗೆ ಹೋಗುವ ಮೊದಲು ಟೇಪು ಹಿಡಿದದ್ದು ಲಾಯದಲ್ಲಿ. ನಡುವಿನ ಓಣಿ ಆರಡಿ, ತಿಪ್ಪೆ ಕಡೆಯ ಬಾಗಿಲು ನಾಲ್ಕಡಿ, ತಗಡಿನ ಕೆಳಗಿನ ಅಡ್ಡಪಟ್ಟಿ ಏಳಡಿ. ನಾಲ್ಕಡಿ ಬಾಗಿಲಲ್ಲಿ ಎರಡೂ ಬದಿಗೆ ಮೂರು ಮೂರು ಇಂಚು ಬಿಟ್ಟರೆ ಟ್ರ್ಯಾಕ್ಟರಿನ ಪೂರ್ತಿ ಅಗಲ ಮೂರೂವರೆ ಅಡಿ ದಾಟಬಾರದು. ಈ ಅಗಲವನ್ನು ಅಳೆಯಬೇಕಾದದ್ದು ಹಿಂದಿನ ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ. ಪುಸ್ತಕದಲ್ಲಿ ಬರೆಯುವ ಟ್ರ್ಯಾಕ್ ಅಗಲ ಟೈರಿನ ನಡುವಿನಿಂದ ನಡುವಿಗೆ ಇರುತ್ತದೆ, ಅದನ್ನು ನಂಬಿದರೆ ಒಂದು ಟೈರಿನಷ್ಟು ಮೋಸ. ಎತ್ತರಕ್ಕೂ ಹಾಗೆಯೇ. ಸೀಟಿನ ಹಿಂದೆ ನಿಲ್ಲುವ ರಕ್ಷಣಾ ಕಮಾನು ಮಡಚುವಂಥದ್ದಾ, ಮೇಲ್ಮುಖ ಸೈಲೆನ್ಸರ್ ಅಡ್ಡಪಟ್ಟಿಗೆ ತಾಗುತ್ತದಾ ನೋಡಬೇಕು. ಮೇಲ್ಮುಖ ಸೈಲೆನ್ಸರ್ ಕಣಕಿ (ಜೋಳದ ಒಣ ದಂಟು) ಬಣವಿಯ ಹತ್ತಿರ ಒಳ್ಳೆಯದು, ಕೆಳಗಿನದ್ದು ಒಣ ಹೊಟ್ಟಿನ ಮೇಲೆ ಕಿಡಿ ಚೆಲ್ಲಬಹುದು. ಆದರೆ ತಗ್ಗು ತಗಡಿನ ಕೆಳಗೆ ಅದೇ ಮೇಲ್ಮುಖದ್ದು ಹೊಗೆಯನ್ನೆಲ್ಲ ಕುದುರೆಗಳ ಮುಖಕ್ಕೆ ಹಿಂದಿರುಗಿಸುತ್ತದೆ. ನಾವು ಮೇಲ್ಮುಖದ್ದನ್ನೇ ಒಪ್ಪಿಕೊಂಡು, ಲಾಯದೊಳಗೆ ಇಂಜಿನ್ ಚಾಲೂ ಇಟ್ಟು ನಿಲ್ಲುವಂತಿಲ್ಲ ಎಂದು ನಿಯಮ ಮಾಡಿದೆವು.

ಇನ್ನು ತೂಕ. ಇಡೀ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. 400 ಕಿಲೊ ತೂಗುವ ಕುದುರೆ ಲದ್ದಿ, ಮೂತ್ರ ಸೇರಿ ದಿನಕ್ಕೆ 20 ಕಿಲೊ ಆಸುಪಾಸು ಹಾಕುತ್ತದೆ. ನಾಲ್ಕಕ್ಕೆ 80. ತೊಯ್ದ ಹಾಸುಹುಲ್ಲು ಮೇಲೆ 30–40. ದಿನಕ್ಕೆ ಸುಮಾರು 120 ಕಿಲೊ, ತಿಂಗಳಿಗೆ ಮೂರೂವರೆ ಟನ್. ಇದನ್ನು ಹೊರಲು ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗೆ ಸಿಕ್ಕಿಸುವ ತಗಡಿನ ಪೆಟ್ಟಿಗೆ ಸಾಕು. ನಾಲ್ಕಡಿ ಅಗಲ, ಎರಡೂ ಕಾಲಡಿ ಆಳ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆಯಲ್ಲಿ ಹುಲ್ಲು ಬೆರೆತ ಲದ್ದಿ 150ರಿಂದ 170 ಕಿಲೊ ಹಿಡಿಯುತ್ತದೆ. ನಾಲ್ಕಡಿ ಬಾಗಿಲಿಗೆ ನಾಲ್ಕಡಿ ಪೆಟ್ಟಿಗೆ ಹೋಗುವುದಿಲ್ಲವಾದ್ದರಿಂದ ನಾವು ಅಗಲವನ್ನು ಮೂರೂವರೆಗೆ ಇಳಿಸಿ, ಎತ್ತರವನ್ನು ಮೂರಿಂಚು ಏರಿಸಿ ಹುಮನಾಬಾದಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. 3 ಮಿ.ಮೀ. ತಗಡು, ಅಂಚಿಗೆ ಆ್ಯಂಗಲ್, ಖಾಲಿ ತೂಕ 90 ಕಿಲೊ.

ಕಂಪನಿ ಪುಸ್ತಕದಲ್ಲಿ ಲಿಫ್ಟ್, ಅಂದರೆ ಹಿಂದಿನ ಹೈಡ್ರಾಲಿಕ್ ಎತ್ತುವ ಭಾರ, 750 ಕಿಲೊ ಎಂದಿದ್ದರೆ ಇದೆಲ್ಲ ಯಾಕೆ ಅನ್ನಿಸಬಹುದು. ಆ 750 ಕೆಳಕೊಂಡಿಗಳ ತುದಿಯಲ್ಲಿ ಅಳೆದದ್ದು. ಪೆಟ್ಟಿಗೆಯ ಭಾರ ಕೂರುವುದು ಆ ತುದಿಯಿಂದ ಇನ್ನೂ ಎರಡಡಿ ಹಿಂದೆ, ಅಲ್ಲಿ ಅದೇ ಹೈಡ್ರಾಲಿಕ್ ಎತ್ತುವುದು ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ಹೈಡ್ರಾಲಿಕ್ ಎತ್ತಿದರೂ ಟ್ರ್ಯಾಕ್ಟರ್ ತಡೆಯಬೇಕಲ್ಲ. ಲೆಕ್ಕ ಹೀಗೆ: ಟ್ರ್ಯಾಕ್ಟರ್ 800 ಕಿಲೊ, ಅದರಲ್ಲಿ ಮುಂದಿನ ಗಾಲಿಗಳ ಮೇಲೆ 340ರ ಹತ್ತಿರ. ಮುಂದಿನ ಹಿಂದಿನ ಗಾಲಿಗಳ ನಡುವೆ 1.45 ಮೀಟರ್. ಪೆಟ್ಟಿಗೆಯ ಭಾರ ಹಿಂದಿನ ಆ್ಯಕ್ಸಲ್‌ನಿಂದ 1.2 ಮೀಟರ್ ಹಿಂದೆ. 400 ಕಿಲೊ ನೇತುಹಾಕಿದರೆ 400ನ್ನು 1.2ರಿಂದ ಗುಣಿಸಿ 1.45ರಿಂದ ಭಾಗಿಸಿ, 330 ಕಿಲೊ ಮುಂದಿನ ಗಾಲಿಯಿಂದ ಎದ್ದು ಹೋಗುತ್ತದೆ. ಉಳಿಯುವುದು ಹತ್ತೇ ಕಿಲೊ. ಸ್ಟೇರಿಂಗ್ ತಿರುಗುತ್ತದೆ, ಟ್ರ್ಯಾಕ್ಟರ್ ತಿರುಗುವುದಿಲ್ಲ.

ಮುಂದಿನ ಗಾಲಿಗಳ ಮೇಲೆ ಟ್ರ್ಯಾಕ್ಟರ್ ತೂಕದ ಐದನೇ ಒಂದು ಭಾಗವಾದರೂ ಉಳಿಯಬೇಕು ಎಂಬುದು ಎಲ್ಲ ಕಡೆ ನಡೆಯುವ ನಿಯಮ. 800ಕ್ಕೆ 160 ಕಿಲೊ. ಅಂದರೆ ಹಿಂದೆ ನೇತುಹಾಕಬಹುದಾದ್ದು ಪೆಟ್ಟಿಗೆ, ಲದ್ದಿ ಎಲ್ಲ ಸೇರಿ 215–220 ಕಿಲೊ ಅಷ್ಟೇ. ಮುಂದೆ ಬಂಪರಿಗೆ 60 ಕಿಲೊ ಕಬ್ಬಿಣದ ತೂಕ ಕಟ್ಟಿದರೆ ಇದು 310ರ ಹತ್ತಿರ ಹೋಗುತ್ತದೆ. ನಮ್ಮ ಪೆಟ್ಟಿಗೆ 90, ಲದ್ದಿ 160, ಒಟ್ಟು 250. ಮುಂದಿನ ತೂಕ ಇಲ್ಲದೆ ನಡೆಯುವುದಿಲ್ಲ ಎಂದು ಕಾಗದದ ಮೇಲೆಯೇ ಗೊತ್ತಾಯಿತು, ಅದನ್ನು ಟ್ರ್ಯಾಕ್ಟರ್ ದರದೊಳಗೇ ಮಾತಾಡಿಕೊಂಡೆವು. ಬಿಲ್ಲು ಆದ ಮೇಲೆ ಕೇಳಿದರೆ ಪ್ರತಿ ಕಿಲೊಗೂ ರೊಕ್ಕ.

ಡೆಮೊಗೆ ಟ್ರ್ಯಾಕ್ಟರ್ ಹೊಲಕ್ಕೆ ಬಂದಾಗ ಮಾಡಿಸಿದ ಮೊದಲ ಪರೀಕ್ಷೆಯೂ ಇದೇ. ಮಣ್ಣು ಪುಡಿ ಮಾಡುವ ರೋಟಾವೇಟರ್ ಹಾಕಿ ನಾಲ್ಕು ಸಾಲು ಹೊಡೆದು ತೋರಿಸಿ ಹೋಗುವುದು ಅವರ ರೂಢಿ. ನಾವು ಹಿಂದೆ ಪಟ್ಟಿಯ ಸ್ಟ್ಯಾಂಡ್ ಸಿಕ್ಕಿಸಿ 50 ಕಿಲೊದ ಸಿಮೆಂಟ್ ಚೀಲ ಮೂರು, ಆಮೇಲೆ ನಾಲ್ಕು, ಆಮೇಲೆ ಐದು ಇಟ್ಟು, ಮರಡಿಯ ಏರಿನಲ್ಲಿ ತಿರುವು ಹೊಡೆಸಿದೆವು. ನಾಲ್ಕನೇ ಚೀಲಕ್ಕೆ ತಿರುವು ಅಗಲವಾಯಿತು. ಐದನೆಯದಕ್ಕೆ ಮುಂದಿನ ಟೈರು ಮಣ್ಣು ಕಚ್ಚದೆ ಜಾರತೊಡಗಿತು.

"ಗಾಲಿ ಎದ್ದಿಲ್ಲಲ್ರಿ ಅಣ್ಣಾರ, ಇನ್ನೆರಡು ಹೇರ್ರಿ, ಏನಾಗಲ್ಲ" ಅಂದ ಕಂಪನಿಯ ಹುಡುಗ.

"ಎದ್ದ ಮ್ಯಾಲ ನೋಡೂದೇನದ ತಮ್ಮ, ತಿರಗಲಕತ್ತಿಲ್ಲ ನೋಡು" ಅಂತ ಇಳಿಸಿಕೊಂಡೆವು.

ಅದೇ ಭಾರ ಮೇಲೆತ್ತಿ, ಇಂಜಿನ್ ಬಂದ್ ಮಾಡಿ, ಸ್ಟ್ಯಾಂಡಿನ ಪಕ್ಕ ಒಂದು ಕೋಲು ನೆಟ್ಟು ಸುಣ್ಣದ ಗುರುತು ಹಾಕಬೇಕು. ಹತ್ತು ನಿಮಿಷಕ್ಕೆ ಎರಡು ಬೆರಳು ಇಳಿದರೆ ಸರಿ. ನೆಲ ಮುಟ್ಟಿದರೆ ಒಳಗೆ ಸೀಲು ಅಥವಾ ವಾಲ್ವು ಸೋರುತ್ತಿದೆ. ಹೊಸ ಟ್ರ್ಯಾಕ್ಟರಿನಲ್ಲಿ ಹೀಗಾಗುವುದು ಅಪರೂಪ, ಡೆಮೊಗೆ ತಿಂಗಳುಗಟ್ಟಲೆ ತಿರುಗಿದ ಗಾಡಿಯನ್ನೇ ಹೊಸದೆಂದು ಕೊಡುವಾಗ ಅಪರೂಪವಲ್ಲ. ಇಂಜಿನ್ ಎಷ್ಟು ತಾಸು ಓಡಿದೆ ಎಂದು ತೋರಿಸುವ ಅವರ್ ಮೀಟರ್ ನೋಡಿಯೇ ಸಹಿ ಮಾಡಬೇಕು.

ಮುಂದೆ ಬಕೆಟ್ ಇರುವ ಲೋಡರ್ ಬೇಕು ಎಂಬ ಆಸೆ ವಿಡಿಯೊ ನೋಡಿದವರಿಗೆಲ್ಲ ಬರುತ್ತದೆ. ಅಮೆರಿಕದ ಕುದುರೆ ಫಾರಂಗಳಲ್ಲಿ ಸಣ್ಣ ಟ್ರ್ಯಾಕ್ಟರ್ ಅಂದರೆ ಲೋಡರ್ ಸಮೇತವೇ. ಗೇರು ಹಾಕದೆ ಪೆಡಲ್ ಒತ್ತಿದಷ್ಟು ಮುಂದೆ ಹಿಂದೆ ಹೋಗುವ ಹೈಡ್ರೋಸ್ಟಾಟಿಕ್ ವ್ಯವಸ್ಥೆ ಅವುಗಳಲ್ಲಿ ಸಾಮಾನ್ಯ. ಇಲ್ಲಿ ಷೋರೂಮಿನಲ್ಲಿ ಸಿಗುವ ಮಿನಿಗಳು ಗೇರಿನವು, ಲೋಡರ್ ಹೊರಗಿನ ಅಂಗಡಿಯವರು ಕೂರಿಸುವಂಥದ್ದು. ಲೋಡರಿನ ಭಾರ, ಬಕೆಟ್ಟಿನ ಭಾರ ಎರಡೂ ಮುಂದಿನ ಆ್ಯಕ್ಸಲ್ ಮೇಲೆ. ಎರಡು ಗಾಲಿ ಚಾಲನೆಯ ಟ್ರ್ಯಾಕ್ಟರಿನ ಮುಂದಿನ ಆ್ಯಕ್ಸಲ್ ತೆಳ್ಳಗಿನ ಪೈಪಿನದು, ಗಾಲಿ ಹೊರಳುವ ಕೀಲಿನ ಕಿಂಗ್‌ಪಿನ್ ಬುಷ್ ಮೊದಲು ಸವೆಯುತ್ತವೆ, ಆಮೇಲೆ ಆ್ಯಕ್ಸಲ್ಲೇ ಬಾಗುತ್ತದೆ. ಕೂರಿಸಲೇಬೇಕೆಂದರೆ ಫೋರ್‌ವೀಲ್, ಪವರ್ ಸ್ಟೇರಿಂಗ್, ಹಿಂದೆ ಸಮತೂಕಕ್ಕೆ ಭಾರ, ಈ ಮೂರೂ ಇರಬೇಕು, ಟ್ರ್ಯಾಕ್ಟರ್ ವಾರಂಟಿ ಉಳಿಯುತ್ತದಾ ಎಂದು ಬರೆದು ತೆಗೆದುಕೊಳ್ಳಬೇಕು. ದಿನಕ್ಕೆ 120 ಕಿಲೊ ಲದ್ದಿಗೆ ಅದು ಬೇಡ. ಸಲಿಕೆಯಿಂದ ಪೆಟ್ಟಿಗೆಗೆ ತುಂಬಲು ಒಬ್ಬ ಆಳಿಗೆ ಅರ್ಧ ತಾಸು. ಕುದುರೆ ಹತ್ತು ಹನ್ನೆರಡು ಆದ ದಿನ ಬೇರೆ ಮಾತು.

ನೀರಿನ ಟ್ಯಾಂಕರ್ ವಿಷಯದಲ್ಲೂ ಇದೇ ತೂಕದ ಮಾತು. 3000 ಲೀಟರ್ ಟ್ಯಾಂಕರ್ ತುಂಬಿದರೆ ನಾಲ್ಕು ಟನ್ ದಾಟುತ್ತದೆ. 20 ಎಚ್‌ಪಿ ಟ್ರ್ಯಾಕ್ಟರ್ ಸಮತಟ್ಟಿನಲ್ಲಿ ಅದನ್ನು ಎಳೆದೀತು, ಇಳಿಜಾರಿನಲ್ಲಿ ಟ್ಯಾಂಕರೇ ಟ್ರ್ಯಾಕ್ಟರನ್ನು ತಳ್ಳಿಕೊಂಡು ಹೋಗುತ್ತದೆ, ಬ್ರೇಕು ಹಿಡಿದರೆ ಅಡ್ಡ ತಿರುಗುತ್ತದೆ. ಬಿರುಬಿಸಿಲಿನಲ್ಲಿ ಒಂದು ಕುದುರೆ ದಿನಕ್ಕೆ 40–50 ಲೀಟರ್ ಕುಡಿಯುತ್ತದೆ, ನಾಲ್ಕಕ್ಕೆ 200. ಎರಡು ಗಾಲಿಯ ಚಾಸಿ ಮೇಲೆ 1000 ಲೀಟರ್ ಸಿಂಟೆಕ್ಸ್ ಕೂರಿಸಿದರೆ ಮೈ ತೊಳೆಯುವುದೂ ಸೇರಿ ಮೂರು ದಿನ.

ಇಂಜಿನ್ನಿನ ಬಲವನ್ನು ಹಿಂದಿನ ಉಪಕರಣಕ್ಕೆ ಕೊಡುವ ತಿರುಗುವ ಷಾಫ್ಟು, ಪಿಟಿಒ ಎಂಬುದು ಎಲ್ಲ ಟ್ರ್ಯಾಕ್ಟರಿನಲ್ಲೂ ಒಂದೇ ಎಂದುಕೊಳ್ಳಬಾರದು. ಷಾಫ್ಟು ಆರು ಹಲ್ಲಿನ 35 ಮಿ.ಮೀ.ದೇ ಇರುತ್ತದೆ, ಸುತ್ತು ಬೇರೆ. ಇಲ್ಲಿನ ಉಪಕರಣಗಳು ನಿಮಿಷಕ್ಕೆ 540 ಸುತ್ತಿಗೆ ಮಾಡಿದವು. ಕೆಲವು ಮಿನಿಗಳಲ್ಲಿ 600 ದಾಟಿದ್ದು, 750ರದ್ದೂ ಇದೆ. ತಪ್ಪು ಸುತ್ತಿಗೆ ಕಟ್ಟಿದ ಮೇವು ಕತ್ತರಿಸುವ ಯಂತ್ರ ಅದುರಿ ಬೇರಿಂಗ್ ಕಳೆದುಕೊಳ್ಳುತ್ತದೆ. ಮೇವಿಗಾಗಿ ಟ್ರ್ಯಾಕ್ಟರ್ ಬೇಕೇ ಎಂಬುದನ್ನೂ ಯೋಚಿಸಿದೆವು. ನಾಲ್ಕು ಕುದುರೆಯ ಕಣಕಿ ಕತ್ತರಿಸಲು 2 ಎಚ್‌ಪಿ ಮೋಟಾರಿನ ಯಂತ್ರ ಸಾಕು, ಗಂಟೆಗೆ ಎರಡು ಲೀಟರ್ ಡೀಸೆಲ್ ಸುಡುವುದು ದಂಡ. ಹಸಿ ಜೋಳದ ಮೇವನ್ನಂತೂ ಕುದುರೆಗೆ ಹಾಕುವಂತಿಲ್ಲ. ಎಳೆಯದರಲ್ಲಿ ವಿಷ, ಬೆಳೆದದ್ದನ್ನು ದಿನಾ ತಿಂದರೂ ಮೂತ್ರಕೋಶ ಕೆಟ್ಟು ಹಿಂಗಾಲು ತೂರಾಡುತ್ತವೆ. ಎಮ್ಮೆ ಕಟ್ಟಿದವರ ಲೆಕ್ಕ ಹಿಡಿದು ಮೇವಿನ ಯಂತ್ರ ಕೊಂಡರೆ ಅದು ಮೂಲೆಯಲ್ಲೇ ಕೂರುತ್ತದೆ.

ಕ್ಲಚ್ಚು ಡ್ಯುಯಲ್ ಇರಲಿ. ಸಿಂಗಲ್ ಕ್ಲಚ್ಚಿನಲ್ಲಿ ಗೇರು ಬದಲಿಸಲು ಪೆಡಲ್ ತುಳಿದಾಗಲೆಲ್ಲ ಪಿಟಿಒ ಕೂಡ ನಿಲ್ಲುತ್ತದೆ, ರೋಟಾವೇಟರ್ ಹುಲ್ಲು ಸುತ್ತಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಬೆಲೆ ಕೊಡಬೇಕಾದದ್ದು ಸ್ಟೇರಿಂಗ್ ಪಕ್ಕದ ಮುಂದೆ–ಹಿಂದೆ ಷಟಲ್ ಲಿವರಿಗೆ. ಲಾಯದ ಕೆಲಸದಲ್ಲಿ ಅರ್ಧ ಹೊತ್ತು ರಿವರ್ಸ್. ರಿವರ್ಸಿನ ಅತಿ ಕಡಿಮೆ ವೇಗ ಎಷ್ಟು ಎಂದು ಕೇಳಿದರೆ ಮಾರುವವರು ಗಾಬರಿಯಾಗುತ್ತಾರೆ, ಯಾರೂ ಕೇಳುವುದಿಲ್ಲವಲ್ಲ. ಗಂಟೆಗೆ ಎರಡು ಕಿಲೊಮೀಟರಿನ ಆಸುಪಾಸು ಇದ್ದರೆ ಕುದುರೆ ಬೆದರದ ಹಾಗೆ ಹಿಂದೆ ಬರಬಹುದು.

ಫೋರ್‌ವೀಲ್ ತೆಗೆದುಕೊಂಡದ್ದು ಕೆಸರಿಗಾಗಿ ಅಲ್ಲ. ಮಳೆ ಬಿದ್ದ ಎರಿಯಲ್ಲಿ ಅದು ಮಾಡುವುದಿಷ್ಟೇ, ಟೂವೀಲ್ ಹೂಳುವ ಜಾಗಕ್ಕಿಂತ ನಾಲ್ಕು ಮಾರು ಒಳಗೆ ಹೋಗಿ ಹೂಳುತ್ತದೆ. ಬೂಟಿಗೆ ಮಣ್ಣು ಮೆತ್ತುವುದು ನಿಲ್ಲುವ ತನಕ ಹೊಲಕ್ಕೆ ಇಳಿಸಬಾರದು. ಲಾಯದಿಂದ ತಿಪ್ಪೆಗೆ ಹೋಗುವ ದಾರಿಗೆ ಆರು ಇಂಚು ಮೊರಂ (ಗರಸು ಮಣ್ಣು) ಹಾಕಿದ್ದೇ ಮಳೆಗಾಲದ ನಿಜವಾದ ಪರಿಹಾರ, ಬೀದರ್ ಸೀಮೆಯಲ್ಲಿ ಮೊರಮಿಗೆ ಬರವಿಲ್ಲ. ಫೋರ್‌ವೀಲ್ ಉಪಯೋಗಕ್ಕೆ ಬರುವುದು ಮರಡಿಯ ಇಳಿಜಾರಿನಲ್ಲಿ. ಹಿಂದಿನ ಗಾಲಿಗೆ ಮಾತ್ರ ಬ್ರೇಕ್ ಇರುವ ಟ್ರ್ಯಾಕ್ಟರಿನಲ್ಲಿ ಫೋರ್‌ವೀಲ್ ಹಾಕಿದರೆ ಆ ಹಿಡಿತ ಮುಂದಿನ ಗಾಲಿಗೂ ಹೋಗುತ್ತದೆ. ಡಾಂಬರು ರಸ್ತೆಗೆ ಬಂದ ಕೂಡಲೇ ತೆಗೆಯಬೇಕು. ಮುಂದಿನ ಗಾಲಿ ಹಿಂದಿನದಕ್ಕಿಂತ ಸ್ವಲ್ಪ ವೇಗವಾಗಿ ತಿರುಗುವ ಹಾಗೆ ಗೇರು ಕೂಡಿಸಿರುತ್ತಾರೆ, ಗಟ್ಟಿ ನೆಲದಲ್ಲಿ ಆ ವ್ಯತ್ಯಾಸವೆಲ್ಲ ಟೈರು ಸವೆದೇ ತೀರಬೇಕು.

ಅಗಲ ಕಡಿಮೆಯ ಟ್ರ್ಯಾಕ್ಟರ್ ಒಡ್ಡು ಏರುವಾಗ ಬೇಗ ಉರುಳುತ್ತದೆ. ಕಮಾನು ಮಡಚಿಟ್ಟಾಗ ಸೀಟ್‌ಬೆಲ್ಟ್ ಕಟ್ಟಬಾರದು, ಎತ್ತಿ ನಿಲ್ಲಿಸಿದಾಗ ಕಟ್ಟದೆ ಇರಬಾರದು. ಲಾಯದಿಂದ ಹೊರಬಂದ ಕೂಡಲೇ ಕಮಾನು ಎತ್ತುವುದು ರೂಢಿಯಾಗಬೇಕು.

ಇಷ್ಟಾದ ಮೇಲೆ ಮಾದರಿಗಳ ಪಟ್ಟಿ ತಾನಾಗಿಯೇ ಚಿಕ್ಕದಾಯಿತು. 20ರಿಂದ 30 ಎಚ್‌ಪಿ ನಡುವೆ ಮಹೀಂದ್ರ ಜೀವೊ 245, ಮೂರು ಸಿಲಿಂಡರಿನ 21 ಎಚ್‌ಪಿ ಕುಬೋಟಾ ನಿಯೋಸ್ಟಾರ್, ವಿಎಸ್‌ಟಿಯ ಮಿನಿಗಳು, 29 ಎಚ್‌ಪಿಯ ಸ್ವರಾಜ್ ಟಾರ್ಗೆಟ್ 630, 2023ರ ಆಗಸ್ಟಿನಲ್ಲಿ ಬಂದ ಮಹೀಂದ್ರ ಓಜಾ ಸಾಲು. ಓಜಾ ತಯಾರಾಗುವುದು ಬೀದರ್ ಗಡಿಗೆ ಹತ್ತಿಕೊಂಡೇ ಇರುವ ಜಹೀರಾಬಾದಿನಲ್ಲಿ, ಅಷ್ಟಕ್ಕೇ ಬಿಡಿಭಾಗ ಬೇಗ ಸಿಗುತ್ತದೆ ಎಂದುಕೊಳ್ಳಬಾರದು. ಕಾರ್ಖಾನೆಯ ದೂರಕ್ಕಿಂತ ಡೀಲರ್ ಕಪಾಟಿನ ದೂರ ಮುಖ್ಯ. ಪರೀಕ್ಷಿಸುವ ದಾರಿ ಸುಲಭ: ಡೀಸೆಲ್ ಫಿಲ್ಟರ್, ಮುಂದಿನ ಆ್ಯಕ್ಸಲ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಈ ಮೂರನ್ನೂ ಕೌಂಟರಿನಲ್ಲಿ ಕೇಳಿ. "ತರಸಿ ಕೊಡ್ತೀವ್ರಿ" ಎಂಬ ಉತ್ತರ ಮೂರಕ್ಕೂ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ. ನಾವು ಆರಿಸಿದ್ದು 24 ಎಚ್‌ಪಿಯದು. ಒಂದು ಮೀಟರ್ ರೋಟಾವೇಟರಿಗೆ, ತೊಗರಿ ಸಾಲಿನ ನಡುವೆ ಎಡೆ ಹೊಡೆಯಲಿಕ್ಕೆ ಅಷ್ಟು ಸಾಕು.

ಹಳೆಯದು ಕೊಳ್ಳುವವರಿಗೆ ಎರಡು ಮಾತು. ಇಲ್ಲಿಗೆ ಬರುವ ಹಳೆಯ ಮಿನಿಗಳಲ್ಲಿ ಸೋಲಾಪುರ, ವಿಜಯಪುರ ಕಡೆಯ ದ್ರಾಕ್ಷಿ ತೋಟದವು ಇರುತ್ತವೆ. ತೋಟದಲ್ಲಿ ಗೊಬ್ಬರ, ಗಂಧಕ, ಮೈಲುತುತ್ತದ ಸಿಂಪಡಣೆ ಮಾಡಿದ ಟ್ರ್ಯಾಕ್ಟರಿನ ಬಣ್ಣ ಹೊಸದಿರುತ್ತದೆ, ಮಡ್‌ಗಾರ್ಡ್ ಒಳಬದಿ ಮತ್ತು ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ಸಿಗುತ್ತದೆ. ಪಂಪಿಗಾಗಿ ಪಿಟಿಒ ತಿರುಗಿದ್ದೇ ಹೆಚ್ಚು, ಆ ಸೀಲಿನ ಕೆಳಗೆ ಎಣ್ಣೆ ನೋಡಿ. ಮಹಾರಾಷ್ಟ್ರ, ತೆಲಂಗಾಣದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣೆ, ವರ್ಗಾವಣೆಗೆ 29 ಮತ್ತು 30, ಸಾಲ ತೀರಿದ್ದಕ್ಕೆ ಬ್ಯಾಂಕಿನ ಫಾರಂ 35. ಇವು ಕೈಗೆ ಬರುವ ಮುನ್ನ ಪೂರ್ತಿ ರೊಕ್ಕ ಕೊಡುವುದು ಬೇಡ.

ಹೊಸದರ ಕಾಗದ ಸಲೀಸು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಟೈರು ಮತ್ತು ಹಲವು ಬಿಡಿಭಾಗಗಳದ್ದು 18ರಿಂದ 5ಕ್ಕೆ. ಹಳೆಯ ದರಪಟ್ಟಿ ತೋರಿಸಿ "ರಿಯಾಯಿತಿ" ಎನ್ನುವವರ ಮುಂದೆ ಇದು ನೆನಪಿರಲಿ. ಸಹಾಯಧನ ಬೇಕಾದರೆ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ, ಆಮೇಲೆ ಷೋರೂಮಿಗೆ. ಟ್ರೇಲರಿಗೆ ಬೇರೆ ನೋಂದಣಿ. ಕೃಷಿಗೆಂದು ನೋಂದಾಯಿಸಿದ ಟ್ರೇಲರಿನಲ್ಲಿ ಮದುವೆ ಬಾಡಿಗೆಗೆ ಕುದುರೆ ಹೇರಿಕೊಂಡು ಹೋಗುವುದು ಕೃಷಿ ಬಳಕೆಯಲ್ಲ, ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೇ ಆ ಎಳೆಯನ್ನು.

ಕುದುರೆಗಳ ಕಡೆಯ ತಯಾರಿಯೂ ಇದೆ. ಹೊಸ ಇಂಜಿನ್ನನ್ನು ಮೊದಲ ವಾರ ನೂರಡಿ ದೂರದಲ್ಲಿ, ಮೇವು ಹಾಕುವ ಹೊತ್ತಿಗೇ ಚಾಲೂ ಮಾಡಿ, ದಿನಕ್ಕಿಷ್ಟು ಹತ್ತಿರ ತಂದರೆ ಒಗ್ಗಿಕೊಳ್ಳುತ್ತವೆ. ಬ್ಯಾಂಡಿನ ಸದ್ದಿಗೆ ಒಗ್ಗಿದ ಕುದುರೆಯೂ ಹಿಂದಿನಿಂದ ಬರುವ ಟ್ರ್ಯಾಕ್ಟರಿಗೆ ಒದೆಯಬಹುದು. ಬಯಲಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಬಿಟ್ಟು ಬರಬಾರದು, ಸೀಟು ಮತ್ತು ವೈರು ಕಚ್ಚುತ್ತವೆ. ಕೊಂಡಿಯ ಲಿಂಚ್‌ಪಿನ್‌ಗಳಿಗೆ ಸಣ್ಣ ಸರಪಳಿ ವೆಲ್ಡ್ ಮಾಡಿಸಿ. ಬಯಲಲ್ಲಿ ಬಿದ್ದ ಒಂದು ಪಿನ್ನು ಗೊರಸಿಗೆ ನೆಟ್ಟರೆ ಮುಂದಿನದು ಧನುರ್ವಾಯು, ಅದಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಪ್ರಾಣಿ ಕಡಿಮೆ.

ಹಸಿ ಲದ್ದಿಯನ್ನು ಮೇಯುವ ಬಯಲಿಗೆ ಹರಡಬಾರದು, ಜಂತುವಿನ ಮರಿಗಳು ಹುಲ್ಲೇರಿ ಮತ್ತೆ ಹೊಟ್ಟೆಗೆ ಹೋಗುತ್ತವೆ. ತಿಪ್ಪೆಯಲ್ಲಿ ಕಾದು ಮಾಗಿದ್ದು ಎರಿಗೆ ಹೋಗಲಿ. ಬಯಲಲ್ಲೇ ಬಿದ್ದ ಉಂಡೆಗಳನ್ನು ಒಡೆಯಲು ಆ್ಯಂಗಲ್‌ಗೆ ಹಳೆಯ ಸರಪಳಿ ಕಟ್ಟಿ ಎಳೆಯುವುದನ್ನು ಏಪ್ರಿಲ್–ಮೇ ಬಿಸಿಲಿಗೇ ಇಟ್ಟುಕೊಂಡಿದ್ದೇವೆ. 42 ಡಿಗ್ರಿಯಲ್ಲಿ ಮರಿಗಳು ಒಣಗಿ ಸಾಯುತ್ತವೆ, ಜುಲೈಯಲ್ಲಿ ಎಳೆದರೆ ಬಿತ್ತಿದಂತೆಯೇ.

ಮೊದಲ 50 ತಾಸು ಪೂರ್ತಿ ಭಾರ ಹಾಕದೆ, ಖಾಲಿ ನಿಲ್ಲಿಸಿ ಗುರುಗುಟ್ಟಿಸದೆ ಓಡಿಸಬೇಕು. ಮೊದಲ ದಿನದ ಕೆಲಸ ಮುಗಿದ ಮೇಲೆ ಗಾಲಿಯ ನಟ್ಟುಗಳನ್ನು ಒಮ್ಮೆ ಬಿಗಿಯಬೇಕು, ಹೊಸದರಲ್ಲಿ ಸಡಿಲವಾಗುತ್ತವೆ. 50 ತಾಸಿಗೆ ಇಂಜಿನ್ ಆಯಿಲ್, ಫಿಲ್ಟರ್ ಬದಲು. ಆಮೇಲಿನ ಅವಧಿ ಪುಸ್ತಕದ ಪ್ರಕಾರ, ಏರ್ ಕ್ಲೀನರ್ ಒಂದನ್ನು ಬಿಟ್ಟು. ತೊಗರಿ ರಾಶಿಯ ದಿನಗಳಲ್ಲಿ ಅದನ್ನು ದಿನಾ ಬಿಚ್ಚಿ ನೋಡುತ್ತೇವೆ. ರೇಡಿಯೇಟರ್ ಜಾಳಿಗೆಗೆ ಹೊಟ್ಟು, ಮೈ ಉಜ್ಜಿದಾಗ ಹಾರುವ ಕುದುರೆ ಕೂದಲು ಎರಡೂ ಸೇರಿ ಕಂಬಳಿಯಾಗಿ ಕೂರುತ್ತವೆ. ಬಿಸಿ ಮುಳ್ಳು ಮೇಲೇರಿದರೆ ಕೂಲಂಟ್ ನೋಡುವ ಮೊದಲು ಆ ಜಾಳಿಗೆ ಬಿಚ್ಚಿ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯುತ್ತೇವೆ. ಹೊರಗಿನಿಂದ ಹೊಡೆದರೆ ಕೂದಲು ಇನ್ನೂ ಒಳಕ್ಕೆ ಸಿಕ್ಕಿಕೊಳ್ಳುತ್ತದೆ.